ಅಪ್ಪನ ಕತ್ತಿ, ನನ್ನ ಕೈ

ಜನವರಿ 13, 1980. ಭಾನುವಾರ

ಬಟ್ಟೆ ಒಗೆದು ಹರವಿದ್ದಾಯಿತು. ಅಪ್ಪನ ಸ್ನಾನ ಆಯಿತು. ಊಟವೂ ಆಯಿತು — ಅರ್ಧ ಅಪ್ಪನಿಗೆ, ಅರ್ಧ ಗಡ್ಡಕ್ಕೆ. ಬಾಯಿ ಬಲಗಡೆ ಜಾರಿದೆಯಲ್ಲ, ಮೊಸರನ್ನ ಆ ಮೂಲೆಯಿಂದ ಇಳಿದು ಗಡ್ಡದಲ್ಲಿ ಕೂತುಬಿಡುತ್ತೆ. ಒರೆಸಲು ಹೋದರೆ ಮುಖ ತಿರುಗಿಸುತ್ತಾರೆ. ಬಿಟ್ಟರೆ ನೊಣ.

ದೀಪಾವಳಿ ಹೊತ್ತಿಗೆ ಸ್ಟ್ರೋಕ್ ಆದದ್ದು. ಬಲಗೈ ಹೋಯಿತು, ಮಾತು ಹೋಯಿತು. ಕಾಲು ಪರವಾಗಿಲ್ಲ, ಕೋಲು ಊರಿಕೊಂಡು ಬಚ್ಚಲಿಗೆ ತಾವೇ ಹೋಗುತ್ತಾರೆ. ಮಾತು ಬರುತ್ತೆ, ಆಡಿಸ್ತಾ ಇರಿ ಅಂತ ಡಾಕ್ಟರು. ಇವರು ಆಡುವುದು ಒಂದೇ ಮಾತು, 'ಬೇಡ'. ಕಾಫಿಗೂ ಬೇಡ, ರೇಡಿಯೋಗೂ ಬೇಡ, ಜಗುಲಿಗೂ ಬೇಡ.

ನಮ್ಮಪ್ಪ, ಗಾರ್ಡ್ ಬದರೀನಾಥ ಅಂದರೆ ಯಶವಂತಪುರ ಸ್ಟೇಷನ್ನಿನಲ್ಲಿ ನುಣ್ಣನೆ ಮುಖ ಅಂತಲೇ ಗುರುತು. ಸರ್ವೀಸಿನಲ್ಲಿದ್ದಾಗಲೂ, ರಿಟೈರಾದ ಮೇಲೂ, ಎದ್ದ ತಕ್ಷಣ ಕ್ಷೌರದ ಕತ್ತಿ. ಬ್ರೇಕ್‌ವ್ಯಾನಿನ ಕುಲುಕಾಟದಲ್ಲೂ ಒಂದು ಗಾಯ ಇಲ್ಲದೆ ಮಾಡಿಕೊಂಡವರು. ಮಂಗಳವಾರ, ಶನಿವಾರ, ಅಮಾವಾಸ್ಯೆ ಏನೂ ಇಲ್ಲ. ಅಮ್ಮ ಇದ್ದಾಗ ಇದಕ್ಕೇ ಜಗಳ. 'ರೈಲಿಗೆ ಪಂಚಾಂಗ ಇಲ್ಲ ಕಣೇ' ಅನ್ನುತ್ತಿದ್ದರು.

ಈಗ ಮೂರು ತಿಂಗಳ ಗಡ್ಡ. ಕ್ಷೌರದ ಆನಂದಪ್ಪನನ್ನು ಮನೆಗೇ ಕರೆಸಿದ್ದೆ — ಅವನ ಕೈ ತಳ್ಳಿ, ಹಲ್ಲು ಕಚ್ಚಿ ಕೂತರು. ಸೇಫ್ಟಿ ರೇಜರ್ ತಂದು ನಾನೇ ನೋಡಿದೆ. ಎರಡು ಸಲ ಎಳೆಯುವುದರೊಳಗೆ ಬ್ಲೇಡಿನ ತುಂಬ ಕೂದಲು ಸಿಕ್ಕಿಕೊಂಡಿತು. ಜೋಲುಬಿದ್ದ ಬಲಗೆನ್ನೆಯಲ್ಲಿ ಗಾಯ ಬೇರೆ. ಅವತ್ತಿನಿಂದ ಆ ಕಡೆ ಕೈ ತರುವ ಹಾಗೇ ಇಲ್ಲ.

ನಾಳೆ ಫಸ್ಟ್ ಶಿಫ್ಟ್. ದ್ರೌಪದಮ್ಮನವರಿಗೆ ಬೀಗದ ಕೈ ಕೊಟ್ಟು ಬರಬೇಕು. ವಠಾರದಲ್ಲಿ ನಮ್ಮ ಪಕ್ಕದ ಮನೆ ಅವರದು. ನಾನು ಫ್ಯಾಕ್ಟರಿಯಲ್ಲಿದ್ದಾಗ ಅಪ್ಪನನ್ನು ನೋಡಿಕೊಳ್ಳುವವರು ಅವರೇ. ಬಾಯಿ ಜಾಸ್ತಿ. ಆದರೆ ಹೊತ್ತು ಹೊತ್ತಿಗೆ ಗಂಜಿ ಕುಡಿಸುತ್ತಾರೆ.

ಜನವರಿ 20, ಭಾನುವಾರ

ಮುಜಫ್ಫರ್ ಚಾಚಾ ಬಂದಿದ್ದರು. ಅವರ ಮಗಳು ಕನೀಜ್ ಮದುವೆ. ಫೆಬ್ರವರಿ ಹದಿನೇಳು, ಆರ್.ಟಿ. ನಗರದ ಅವರ ಮನೆ ಮುಂದೆಯೇ ಶಾಮಿಯಾನ.

ಚಾಚಾ ಇಂಜಿನ್ನಿನಲ್ಲಿ, ಅಪ್ಪ ಕೊನೆಯ ಡಬ್ಬಿಯಲ್ಲಿ. ಒಂದೇ ರೈಲಿನ ಎರಡು ತುದಿಯಲ್ಲಿ ಇಬ್ಬರ ಸರ್ವೀಸೂ ಕಳೆಯಿತು. ಅಪ್ಪ ಹಸಿರು ಬಾವುಟ ಬೀಸಬೇಕು, ಚಾಚಾ ಸೀಟಿ ಹೊಡೆಯಬೇಕು, ಆಮೇಲೆ ರೈಲು. ಕನೀಜ್ ಪುಟ್ಟವಳಿದ್ದಾಗ ನಮ್ಮ ಮನೆಗೆ ಬಂದರೆ ಅಪ್ಪನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಎರಡೂ ಅಂಗೈಯಲ್ಲಿ ಅಪ್ಪನ ಕೆನ್ನೆ ಸವರುವುದೇ ಆಟ. ಅವಳ ಅಬ್ಬಾಗೆ ಗಡ್ಡ, ಚುಚ್ಚುತ್ತೆ. 'ಗಾರ್ಡ್ ಮಾಮ ನುಣ್ಣಗೆ' ಅನ್ನೋಳು.

ಚಾಚಾ ದನಿ ಕೇಳಿದ್ದೇ ಅಪ್ಪ ಗೋಡೆ ಕಡೆ ತಿರುಗಿ ಹೊದಿಕೆ ಎಳೆದುಕೊಂಡರು. ಚಾಚಾ ಮಂಚದ ಹತ್ತಿರ ಸ್ಟೂಲ್ ಹಾಕಿಕೊಂಡು ಬೆನ್ನಿಗೇ ಮಾತಾಡಿದರು.

"ಏನ್ ಗಾರ್ಡ್ ಸಾಬ್, ಸಿಗ್ನಲ್ ಕೊಡಲ್ವಾ? ಗಡ್ಡಾನಾ ವಿಷ್ಯ? ನನ್ನ ನೋಡಿ, ಎದೆವರ್ಗೂ ಇದೆ. ನಾಚಿಕೆ ಯಾಕೆ ಗುರು?"

ಅಪ್ಪ ಹೊದಿಕೆಯನ್ನು ತಲೆ ಮೇಲೂ ಎಳೆದುಕೊಂಡರು. ಚಾಚಾ ಕಾಫಿ ಕುಡಿದು, ಮದುವೆ ಕಾರ್ಡನ್ನು ದಿಂಬಿನ ಹತ್ತಿರ ಇಟ್ಟು ಎದ್ದರು. ಬಾಗಿಲಲ್ಲಿ ನನಗೆ ಹೇಳಿದರು, "ಬೇಟಿ, ಬೇಜಾರಿಲ್ಲ. ಆದ್ರೆ ಕನೀಜ್ ಹಟ ಹಿಡಿದಿದಾಳೆ. ಗಾರ್ಡ್ ಮಾಮ ಬಂದು ತಲೆ ಮೇಲೆ ಕೈ ಇಡ್ದೆ ಮನೆ ಬಿಟ್ಟು ಹೋಗಲ್ವಂತೆ." ಬೇಜಾರಿಲ್ಲ ಅಂದವರ ಕಣ್ಣು ಒದ್ದೆಯಾಗಿತ್ತು.

ಅವರು ಹೋದ ಮೇಲೆ ಕೇಳಿದೆ — "ಹೋಗೋಣ್ವಾ ಅಪ್ಪ?"

ಎಡಗೈ ಎತ್ತಿ ಗಡ್ಡ ಒಂದು ಸಲ ಸವರಿಕೊಂಡರು. ಬೆರಳಿಗೆ ಅಂಟಿದ ಅನ್ನದ ಅಗುಳನ್ನು ನೋಡಿದರು.

"ಈ... ಮುಖ... ಇಟ್ಕೊಂಡಾ?"

ಸ್ಟ್ರೋಕ್ ಆದ ಮೇಲೆ ಆಡಿದ ಅತಿ ಉದ್ದದ ಮಾತು. ಸಂತೋಷಪಡಬೇಕಿತ್ತು. ಅಡಿಗೆಮನೆಗೆ ಹೋಗಿ ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಯಾರ ಮಾತೂ ಕೇಳುವವಳಲ್ಲ. ಹದಿನೇಳನೇ ತಾರೀಖು ಅಪ್ಪ ಆ ಶಾಮಿಯಾನದಲ್ಲಿ ಕೂರಬೇಕು. ನುಣ್ಣಗೆ. ಅಷ್ಟೇ.

ಜನವರಿ 22, ಮಂಗಳವಾರ. ಬೆಳಗ್ಗೆ ಐದೂಕಾಲು

ಅಪ್ಪನ ತಗಡಿನ ಪೆಟ್ಟಿಗೆ ತೆಗೆದೆ. ಚಿಕ್ಕಂದಿನಲ್ಲಿ ಅದರ ಹತ್ತಿರ ಸುಳಿದರೂ ಬೈಗುಳ. ಬ್ರಷ್ಷು, ಸೋಪಿನ ಬಟ್ಟಲು, ಪಟಿಕದ ತುಂಡು, ಕತ್ತಿ ಮಸೆಯುವ ತೊಗಲಿನ ಪಟ್ಟಿ. ಎಲ್ಲದರ ಕೆಳಗೆ, ಫ್ಲಾನಲ್ ಬಟ್ಟೆಯಲ್ಲಿ ಸುತ್ತಿಟ್ಟ ಕತ್ತಿ. ಕೊಂಬಿನ ಹಿಡಿ, ಒಳಗೆ ಮಡಚಿಕೊಳ್ಳುವ ಅಲಗು. ಆಂಡರ್ಸನ್ ಅಂತ ಒಬ್ಬ ಡ್ರೈವರು ಸ್ವಾತಂತ್ರ್ಯ ಬಂದ ವರ್ಷ ತನ್ನ ದೇಶಕ್ಕೆ ಹೋಗುವಾಗ ಅಪ್ಪನಿಗೆ ಕೊಟ್ಟುಹೋದದ್ದು. ಅವನಿಗೆ ಅವನ ತಾತನಿಂದ ಬಂದದ್ದಂತೆ. ಅಲಗಿನ ಮೇಲಿನ ಇಂಗ್ಲಿಷ್ ಅಕ್ಷರ ಅರ್ಧ ಸವೆದಿದೆ.

ಬಿಚ್ಚಿ ಹಿಡಿದೆ. ಅಡಿಗೆ ಚಾಕುವಿನ ಹಾಗಲ್ಲ ಇದು. ಕೈಯಲ್ಲಿ ತಾನೇ ಒಂದು ಕಡೆ ವಾಲುತ್ತೆ.

ಹೆದರಿಕೆಯಾ? ನನಗಾ? ವಾಚ್ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗ್ ಕೂರಿಸುವವಳು ನಾನು. ಟ್ರೈನಿಂಗಿನಲ್ಲಿ ಮೊದಲು ಕಲಿಸಿದ್ದೇ ಉಸಿರು ಹಿಡಿಯುವುದನ್ನ — ಉಸಿರು ತಾಕಿದರೂ ಸ್ಪ್ರಿಂಗ್ ಹಾರಿಹೋಗುತ್ತೆ. ಇಡೀ ಸೆಕ್ಷನ್ನಿನಲ್ಲಿ ಇಷ್ಟು ಅಲುಗದ ಕೈ ಇನ್ನೊಬ್ಬರದಿಲ್ಲ. ಸೂಪರ್‌ವೈಸರ್ ತ್ರಿವಿಕ್ರಮ್ ಹೇಳಿದ್ದು, ನಾನಲ್ಲ. ಸ್ಪ್ರಿಂಗಿಗೆ ಹೋಲಿಸಿದರೆ ಮುಖ ಅಂದರೆ ಮೈದಾನ. ಆರಾಮಾಗಿ ಆಗುತ್ತೆ.

ಬಸ್ಸಿನ ಹಾರ್ನ್ —

ಜನವರಿ 23. ಸಂಜೆ

ಆರಾಮಾಗಿ ಆಗಲಿಲ್ಲ.

ಮೊದಲು ನನ್ನ ಎಡಗೈ ಮೇಲೆ ಎಳೆದು ನೋಡಿದೆ. ಒಂದು ಕೂದಲೂ ಬೀಳಲಿಲ್ಲ. ಮೂರು ತಿಂಗಳು ಸುಮ್ಮನೆ ಬಿದ್ದು ಮೊಂಡಾಗಿದೆ. ತೊಗಲಿನ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿ ಬಿಗಿಯಾಗಿ ಹಿಡಿದು ಮಸೆಯಲು ನಿಂತೆ. ಚಾಕುವನ್ನು ಕಲ್ಲಿನ ಮೇಲೆ ಮಸೆಯುವ ಹಾಗೆ, ಹರಿತವನ್ನೇ ಮುಂದೆ ಮಾಡಿ ತಳ್ಳಿದೆ. ತೊಗಲು ಕಚ್ಚಿಕೊಂಡಿತು. ಇನ್ನೊಂದು ಸಲ ಜೋರಾಗಿ ತಳ್ಳಿದೆ. ಪಟ್ಟಿಯಿಂದ ಒಂದು ಸಿಪ್ಪೆಯೇ ಎದ್ದು ಬಂತು.

"ಉಲ್ಟಾ."

ಯಾರು ಅಂತ ತಿರುಗಿದೆ. ಅಪ್ಪ. ಮಂಚದ ಮೇಲೆ ತಾವೇ ಎದ್ದು ಕೂತಿದ್ದಾರೆ, ಮುಖ ಕೆಂಡವಾಗಿದೆ.

"ಉಲ್ಟಾ ಕಣೇ. ಬೆನ್ನು... ಬೆನ್ನು ಮುಂದೆ. ಕತ್ತೆ."

ಕತ್ತೆ ಅನ್ನಿಸಿಕೊಂಡು ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಪಟ್ಟಿ ಹಾಳಾದದ್ದಕ್ಕೆ ಬೈಯುತ್ತಲೇ ಕೋಲು ಹಿಡಿದು ಕಿಟಕಿವರೆಗೂ ಬಂದರು. ಮಾತು ಅರ್ಧ ಅರ್ಧ, ಬೈಗುಳ ಮಾತ್ರ ಪೂರ್ತಿ. ಎಡಗೈ ಚಾಚಿದರು. ಕತ್ತಿ ಕೊಟ್ಟೆ. ಅಲಗನ್ನು ಚಪ್ಪಟೆ ಮಲಗಿಸಿ, ದಪ್ಪನೆಯ ಬೆನ್ನು ಮುಂದೆ, ಹರಿತ ಹಿಂದೆ. ತುದಿ ಬಂದಾಗ ಬೆನ್ನಿನ ಮೇಲೇ ಹೊರಳಿಸಿ ವಾಪಸ್ಸು. ನಾನು ಪಟ್ಟಿ ಹಿಡಿದೆ, ಅವರು ಎಳೆದರು. ಎಡಗೈ ತಡವರಿಸುತ್ತಿತ್ತು, ಆದರೂ ಆ ಸದ್ದು ಬಂತು. ಚಿಕ್ಕಂದಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದ ಸದ್ದು, ಸರಕ್... ಸರಕ್... ಅಂತ. ಅದನ್ನು ಮತ್ತೆ ಕೇಳುತ್ತೇನೆ ಅಂದುಕೊಂಡಿರಲಿಲ್ಲ.

ಜನವರಿ 27, ಭಾನುವಾರ

ದಿನಾ ಸಂಜೆ ಮಸೆಯುತ್ತಿದ್ದೇವೆ. ಪಟ್ಟಿ ನನ್ನದು, ಕತ್ತಿ ಅವರದು. ಕಾಫಿಗೆ 'ಬೇಡ' ಅನ್ನುವುದು ನಿಂತಿದೆ. ಮಸೆದ ಮೇಲೆ ಕುಡಿಯುತ್ತಾರೆ.

ಇವತ್ತು ನನ್ನ ಜಡೆಯಿಂದ ಒಂದು ಕೂದಲು ಕಿತ್ತು ಹಿಡಿಯಲು ಹೇಳಿದರು. ಅಲಗು ತಾಕಿಸಿದರು. ಕೂದಲು ಎರಡಾಯಿತು. ಸದ್ದೇ ಇಲ್ಲ. ಆಮೇಲೆ ಕತ್ತಿ ನನ್ನ ಕೈಗೆ ಕೊಟ್ಟು, ನನ್ನ ಎಡಗೈಯನ್ನು ಗದ್ದದಲ್ಲೇ ತೋರಿಸಿದರು.

ಸೋಪು ಹಚ್ಚಿ, ಮೊಣಕೈ ಕೆಳಗೆ ಇಟ್ಟು, ಮಣಿಕಟ್ಟಿನ ಕಡೆ ಎಳೆದೆ. ಹೋದದ್ದೇ ಗೊತ್ತಾಗಲಿಲ್ಲ. ನೊರೆ ಸರಿದ ಕಡೆ ಚರ್ಮ ಮಗುವಿನ ಚರ್ಮದ ಹಾಗಿತ್ತು. ಮುಟ್ಟಿ ಮುಟ್ಟಿ ನೋಡಿಕೊಂಡೆ. ಕೈ ಅಲುಗಲೇ ಇಲ್ಲ. ನಾನು ಹೇಳಿರಲಿಲ್ಲವಾ?

ಅಪ್ಪ ನೋಡಿ ಒಂದೇ ಮಾತು — "ಕೈಗೆ... ಮೂಗಿಲ್ಲ." ಅಂದರೆ ಮುಖ ಬೇರೆ ಅಂತ.

ಫೆಬ್ರವರಿ 3, ಭಾನುವಾರ

ಮುಖದ ಹಾಗೆ ಗುಂಡಗಿರುವುದು, ಕೂದಲಿರುವುದು, ಗಾಯವಾದರೆ ಅಳದೇ ಇರುವುದು ಬೇಕಿತ್ತು. ಬೆಳಗ್ಗೆ ಯಶವಂತಪುರ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಬಿತ್ತು. ಎಳೆ ಬೂದುಗುಂಬಳ, ಮೈಮೇಲೆಲ್ಲ ಚುಚ್ಚುವ ರೋಮ. ನಾನು ಒಂದೊಂದನ್ನೇ ಸವರಿ ನೋಡುತ್ತಿದ್ದರೆ ಮಾರುವವಳು, "ಏನಮ್ಮ, ಕಾಯಿ ತಗಂತೀಯೋ ಗಂಡ್ ನೋಡ್ತಾ ಇದೀಯೋ?" ಅಂದಳು. ಇರುವುದರಲ್ಲಿ ಹೆಚ್ಚು ರೋಮದ್ದು ಆರಿಸಿ ತಂದೆ.

ಕುರ್ಚಿ ಮೇಲೆ ಕೂರಿಸಿ, ಸುತ್ತ ಟವೆಲ್ ಹೊದಿಸಿ, ಬ್ರಷ್ಷಿನಲ್ಲಿ ನೊರೆ ಬಳಿದೆ. ಅಪ್ಪ ಎದುರಿಗೆ ಸ್ಟೂಲಿನ ಮೇಲೆ, ಪರೀಕ್ಷೆ ಮಾಡಲು ಬಂದ ಇನ್‌ಸ್ಪೆಕ್ಟರ ಹಾಗೆ. ಉಸಿರು ಹಿಡಿದು, ಚೂರು ಚೂರೇ, ಇರುವೆ ನಡೆಯುವಷ್ಟು ಚೂರು ಎಳೆದೆ. ಅಪ್ಪ ತಲೆ ಅಡ್ಡಡ್ಡ ಆಡಿಸುತ್ತಲೇ ಇದ್ದರು. ಅರ್ಧ ಕಾಯಿ ನುಣ್ಣಗಾಯಿತು. ಜಂಬ ಬಂತು. ತೊಟ್ಟಿನ ಹತ್ತಿರ ತಿರುವಿನಲ್ಲಿ ಕತ್ತಿ ಕಚ್ಚಿ ಒಳಕ್ಕೇ ಹೋಯಿತು.

ಅಷ್ಟರಲ್ಲಿ ದ್ರೌಪದಮ್ಮ. ತಟ್ಟೆಯಲ್ಲಿ ಕೋಸಂಬರಿ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದಾರೆ.

"ಕೌಸಲ್ಯಾ... ಹೆಣ್ಮಕ್ಳು ಬೂದುಗುಂಬಳ ಕುಯ್ಯಬಾರ್ದು ಕಣೇ. ಮೊದಲ ಏಟು ಗಂಡಸರೇ ಹಾಕ್ಬೇಕು."

"ಕುಯ್ತಿಲ್ಲ ದ್ರೌಪದಮ್ಮ. ಶೇವ್ ಮಾಡ್ತಿದೀನಿ."

ಅವರು ಕಾಯಿ ನೋಡಿದರು, ನನ್ನ ನೋಡಿದರು, ಅಪ್ಪನ್ನ ನೋಡಿದರು. ಒಂದು ಸದ್ದು ಬಂತು. ಮೊದಲು ಕೆಮ್ಮು ಅಂದುಕೊಂಡೆ. ಅಪ್ಪ ನಗುತ್ತಿದ್ದರು. ಬಾಯಿ ಒಂದೇ ಕಡೆ ಅರಳಿ, ಇನ್ನೊಂದು ಕಡೆ ಹಾಗೇ ಇದ್ದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅದನ್ನು ನೋಡಿ ದ್ರೌಪದಮ್ಮನವರಿಗೆ ಬೈಯುವುದೇ ಮರೆತುಹೋಯಿತು.

ಶಾಸ್ತ್ರಕ್ಕೆ ಅಪ್ಪನೇ ಏಟು ಹಾಕಲಿ ಅಂತ ತೀರ್ಮಾನ. ಎಡಗೈಯಲ್ಲಿ ದೊಡ್ಡ ಚಾಕು ಕೊಟ್ಟೆವು. ಎರಡು ಸಲ ಜಾರಿತು, ಮೂರನೇ ಸಲ ಕಾಯಿ ಹೋಳಾಯಿತು. ಮಜ್ಜಿಗೆಹುಳಿ ಮಾಡಿ ಅವರ ಮನೆಗೂ ಕೊಟ್ಟೆ. ಸೋಪಿನ ವಾಸನೆ ಇದೆ ಅಂತ ಹೇಳಿ ಕಳಿಸಿದ್ದಾರೆ. ಪಾತ್ರೆ ಮಾತ್ರ ಖಾಲಿ ಬಂದಿದೆ.

ಫೆಬ್ರವರಿ 10, ಭಾನುವಾರ

ಕತ್ತಿಗೆ ಮುಂಚೆ ಕತ್ತರಿ. ಉದ್ದ ಗಡ್ಡಕ್ಕೆ ಕತ್ತಿ ಹಾಕಬಾರದು ಅಂತ ಅಪ್ಪನೇ ಹೇಳಿದ್ದು. ಕೂತರು. ಕತ್ತರಿಸಿದೆ. ಪೇಪರ್ ಮೇಲೆ ಬಿಳಿ ಕೂದಲ ರಾಶಿ. ಎಲ್ಲ ಚೆನ್ನಾಗಿಯೇ ಇತ್ತು.

ಕನ್ನಡಿ ಕೊಟ್ಟದ್ದು ನನ್ನ ತಪ್ಪು. ತುಂಬ ಹೊತ್ತು ನೋಡಿದರು. ಬಲಗಡೆ ಕೆನ್ನೆ ಇಳಿದಿದೆ, ತುಟಿ ಸೊಟ್ಟ. ಗಡ್ಡದೊಳಗೆ ಅದು ಕಾಣುತ್ತಿರಲಿಲ್ಲ. ನಾನು ಕೊಳಕು ಗಡ್ಡವನ್ನಷ್ಟೇ ನೋಡಿದೆ. ಅದರ ಹಿಂದೆ ಅವರು ಬಚ್ಚಿಟ್ಟುಕೊಂಡಿದ್ದರು ಅಂತ ಹೊಳೆಯಲೇ ಇಲ್ಲ.

ಕನ್ನಡಿ ಬೋರಲು ಹಾಕಿದರು. "ಬೇಡ."

ಫೆಬ್ರವರಿ 14, ಗುರುವಾರ. ಸಂಜೆ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಪಟ್ಟಿ ಕಿಟಕಿಯಲ್ಲಿ ನೇತಾಡುತ್ತಿತ್ತು. ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ದರು. ಫ್ಯಾಕ್ಟರಿಯಲ್ಲಿ ಎರಡು ಸ್ಪ್ರಿಂಗ್ ಕೆಡಿಸಿದೆ. ನಾನು. ತ್ರಿವಿಕ್ರಮ್ ಸರ್ ಹುಷಾರಿದೀರಾ ಅಂತ ಕೇಳಿದರು.

ಇವತ್ತು ತಡೆಯಲಾಗಲಿಲ್ಲ. ಬ್ಯಾಗು ಕೂಡ ಇಳಿಸದೆ ಮಂಚದ ಹತ್ತಿರ ನಿಂತು ಹೇಳಿಬಿಟ್ಟೆ.

"ಅಪ್ಪ, ಆ ಸೊಟ್ಟ ಮುಖಾನ ನಾನು ದಿನಾ ನೋಡ್ತೀನಿ. ಊಟ ಮಾಡಿಸ್ತೀನಿ. ನಂಗೇನೂ ಆಗಿಲ್ಲ. ನಂಗೆ ಅದು ಅಪ್ಪನ ಮುಖ ಅಷ್ಟೇ. ಕನೀಜ್‌ಗೂ ಅಷ್ಟೇ. ನೀವು ಹೋಗ್ದೆ ಇದ್ರೆ ಅವ್ಳಿಗೆ ಕಾಣೋದು ಖಾಲಿ ಕುರ್ಚಿ. ಅದು ಚೆನ್ನಾಗಿರತ್ತಾ?"

ಅಡಿಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅಕ್ಕಿ ತೊಳೆಯುವಾಗ ಕೋಲಿನ ಸದ್ದು. ಬಾಗಿಲಿಗೆ ಒರಗಿ ನಿಂತಿದ್ದರು.

"ಶನಿವಾರ," ಅಂದರು.

"ಶನಿವಾರ ಸೂರ್ಯಗ್ರಹಣ ಅಪ್ಪ. ಮಧ್ಯಾಹ್ನದಿಂದ ಊರಿಗೂರೇ ಬಾಗಿಲು ಹಾಕ್ಕೊಂಡಿರತ್ತೆ."

"ಅದಕ್ಕೇ. ಯಾರೂ... ಇಣುಕಲ್ಲ."

ವಠಾರದ ಅಂಗಳದ ಕಡೆ ಇರುವ ಆ ಕಿಟಕಿ ತೆರೆದರೇನೇ ಬೆಳಕು. ಬೇರೆ ದಿನ ತೆರೆದರೆ ಹತ್ತು ತಲೆ. ನಾಲ್ಕು ತಿಂಗಳು ಮಲಗಿದ್ದರೂ ಅಪ್ಪನ ತಲೆ ಟೈಂಟೇಬಲ್ ಹಾಕುವುದು ಬಿಟ್ಟಿಲ್ಲ.

ಫೆಬ್ರವರಿ 16, ಶನಿವಾರ. ಮಧ್ಯಾಹ್ನ ಎರಡು

ಫ್ಯಾಕ್ಟರಿ ಬೇಗ ಬಿಟ್ಟರು. ರೋಡಿನಲ್ಲಿ ನರಪಿಳ್ಳೆ ಇಲ್ಲ. ದ್ರೌಪದಮ್ಮ ಬೆಳಗ್ಗೆ ನಾನು ಹೊರಡುವ ಮುಂಚೆಯೇ ಬಂದು ನಮ್ಮ ನೀರಿನ ಕೊಡಕ್ಕೂ ಒಂದು ಎಸಳು ಗರಿಕೆ ಹಾಕಿ, "ಗ್ರಹಣ ಬಿಡೋವರ್ಗೂ ಕತ್ತಿ ಚಾಕು ಮುಟ್ಬೇಡ ಕಣೇ" ಅಂತ ಹೇಳಿ ಹೋದರು. ಅಪ್ಪ ತಲೆ ಆಡಿಸಿದರು, ಹೌದು ಅಂತಲೋ ಅಲ್ಲ ಅಂತಲೋ ಗೊತ್ತಿಲ್ಲ. ಈಗ ಅವರ ಬಾಗಿಲು, ಕಿಟಕಿ ಎಲ್ಲ ಭದ್ರ.

ನೀರು ಕಾದಿದೆ. ಕತ್ತಿ ಮಸೆದಿದೆ. ಅಮ್ಮ, ನೋಡ್ತಾ ಇರು.

ಅದೇ ದಿನ, ಸಂಜೆ ಆರು

ಕೈಗೆ ಇನ್ನೂ ಸೋಪಿನ ವಾಸನೆ ಇದೆ. ಮೊದಲಿಂದ ಬರೆಯುತ್ತೇನೆ.

ಬಿಸಿನೀರಿನ ಟವೆಲ್ ಮುಖಕ್ಕೆ ಒತ್ತಿ ಇಟ್ಟೆ. ನೊರೆ ಹಚ್ಚಿದೆ. ಒಳ್ಳೆಯ ಕಡೆಯಿಂದ, ಎಡಗೆನ್ನೆಯಿಂದ ಶುರು. ಉಸಿರು ಹಿಡಿದೆ. ಮೂಗು ಕೆನ್ನೆಗೆ ತಾಗುವಷ್ಟು ಬಗ್ಗಿ, ಫ್ಯಾಕ್ಟರಿಯಲ್ಲಿ ಚಿಮಟ ಹಿಡಿದ ಹಾಗೆ ಹಿಡಿದು, ಚೂರು... ಚೂರು... ಕರಕರ ಸದ್ದು. ಕೂದಲು ಕುಯ್ಯುತ್ತಿಲ್ಲ, ಕೀಳುತ್ತಿದೆ. ಅಪ್ಪ ಕಣ್ಣು ಮುಚ್ಚಿ ತಡೆದುಕೊಂಡಿದ್ದರು. ಇನ್ನೂ ಹುಷಾರಾಗಿ, ಇನ್ನೂ ಚಿಕ್ಕದಾಗಿ ಎಳೆದೆ. ಕಿವಿ ಕೆಳಗೆ ನೊರೆ ಕೆಂಪಾಯಿತು.

ಮುಗಿಯಿತು ಅಂದುಕೊಂಡೆ. ಇನ್ನು ಗೋಡೆ ಕಡೆ ತಿರುಗುತ್ತಾರೆ.

ತಿರುಗಲಿಲ್ಲ. ಎಡಗೈ ಎತ್ತಿ ನನ್ನ ಮಣಿಕಟ್ಟು ಹಿಡಿದರು.

"ಉಸಿರಾಡು."

"ಆಂ?"

"ಇದು ವಾಚಲ್ಲ. ನಾನು... ಹಾರಿಹೋಗಲ್ಲ. ಉಸಿರಾಡು."

ಬಿಟ್ಟ ಉಸಿರಿನ ಜೊತೆ ಭುಜವೂ ಇಳಿಯಿತು. ನನ್ನ ಮಣಿಕಟ್ಟು ಹಿಡಿದೇ ಕಿವಿಯಿಂದ ದವಡೆವರೆಗೂ ಒಂದೇ ಸಲ ಎಳೆದರು, ಎಲ್ಲೂ ನಿಲ್ಲಿಸದೆ. ಸರ್ರ್ ಅಂತ ಬಂತು. ಆ ದಾರಿಯಲ್ಲಿ ಬೆಳ್ಳಗೆ, ನುಣ್ಣಗೆ, ನನಗೆ ಗೊತ್ತಿದ್ದ ಅಪ್ಪ. ನಾನು ಅಷ್ಟು ಹೆಮ್ಮೆಪಟ್ಟುಕೊಂಡ ವಿದ್ಯೆಯೇ ಇಲ್ಲಿ ಅಡ್ಡ ಬಂದಿತ್ತು. ಇದಕ್ಕೆ ಚೂರುಪಾರು ಆಗುವುದಿಲ್ಲ, ನಂಬಿ ಒಂದೇ ಸಲ ಎಳೆಯಬೇಕು. ಎರಡನೆಯದು ನಾನೇ ಎಳೆದೆ. ಮೂರನೆಯದೂ. ಉಸಿರಾಡುತ್ತಾ. ಗಾಯಕ್ಕೆ ಪಟಿಕ ಒತ್ತಿದೆ, ನಿಂತಿತು.

ಎಡಗಡೆ, ಗದ್ದ, ಮೀಸೆ ಮುಗಿಸಿ ಬಲಕ್ಕೆ ಬರುವ ಹೊತ್ತಿಗೆ ಬೆಳಕು ಹೋಗತೊಡಗಿತು. ಸಂಜೆಯಾದ ಹಾಗಲ್ಲ, ಹಗಲಿಗೇ ಜ್ವರ ಬಂದ ಹಾಗೆ. ಅಂಗಳದ ಗುಬ್ಬಚ್ಚಿಗಳು ಸುಮ್ಮನಾದವು. ಹೆಂಚಿನ ಸಂದಿಯಿಂದ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ಆಗಿದ್ದವು. ಬಲ್ಬ್ ಹಾಕಿದೆ, ಕರೆಂಟಿಲ್ಲ. ಕತ್ತಿ ಮಡಚಿದೆ.

ಕಾದೆವು. ಇಬ್ಬರೇ. ಅರ್ಧ ಮುಖ ಅಪ್ಪ, ಅರ್ಧ ಮುಖ ನೊರೆ. ನೊರೆ ಒಣಗದಿರಲಿ ಅಂತ ಬ್ರಷ್ಷಿನಲ್ಲಿ ತೇವ ಮಾಡುತ್ತಿದ್ದೆ.

"ಔಟರ್ ಸಿಗ್ನಲ್ಲು," ಅಂದರು ಅಪ್ಪ. ಸ್ಟೇಷನ್ ಹೊರಗೆ ರೈಲು ನಿಂತ ಹಾಗೆ ಅಂತ. ನಗು ಬಂತು. ಇಬ್ಬರೂ ಆ ಮಬ್ಬಿನಲ್ಲಿ ಕೂತು ನಕ್ಕೆವು. ಭಯ ಅಲ್ಲೇ ಎಲ್ಲೋ ಹೋಯಿತು.

ಬೆಳಕು ಮರಳಿತು. ಎದ್ದೆ. ಬಲಗೆನ್ನೆ ಜೋಲು, ಎಳೆದು ಹಿಡಿಯದೆ ಕತ್ತಿ ಓಡುವುದಿಲ್ಲ. ಒಂದು ಕೈಯಲ್ಲಿ ತಲೆ ಹಿಡಿಯಬೇಕು, ಒಂದರಲ್ಲಿ ಕತ್ತಿ. ಮೂರನೇ ಕೈ ಎಲ್ಲಿಂದ ತರಲಿ? ಅಪ್ಪ ಕೇಳದೆಯೇ ಎಡಗೈಯನ್ನು ಮುಖದ ಮುಂದಿನಿಂದ ಆ ಕಡೆಗೆ ತಂದು, ಕಿವಿಯ ಹತ್ತಿರ ಚರ್ಮ ಹಿಡಿದು ಮೇಲಕ್ಕೆ ಎಳೆದು ನಿಲ್ಲಿಸಿದರು. ಸತ್ತಂತಿದ್ದ ಕೆನ್ನೆ ತಮಟೆಯ ಚರ್ಮದ ಹಾಗೆ ಬಿಗಿಯಾಯಿತು. ಇಳಿಸಿದೆ. ಒಂದು. ಎರಡು. ತುಟಿಯ ಸೊಟ್ಟ ಮೂಲೆಯ ಸುತ್ತ. ಒಂದು ತೊಟ್ಟು ರಕ್ತ ಇಲ್ಲ.

ಕನ್ನಡಿ ನಾನು ಕೊಡಲಿಲ್ಲ. ಅವರೇ ಕೇಳಿದರು. ನೋಡಿಕೊಂಡರು. ಅಂಗೈಯಲ್ಲಿ ಎಡಗೆನ್ನೆ ಸವರಿ, ಆಮೇಲೆ ಬಲಗೆನ್ನೆ ಸವರಿದರು. ಬೋರಲು ಹಾಕಲಿಲ್ಲ.

"ಪಾಸು," ಅಂದರು.

ಮೆಟ್ರಿಕ್ಕಿನಲ್ಲಿ ಪಾಸಾದಾಗಲೂ ನಾನು ಹೀಗೆ ಅತ್ತಿರಲಿಲ್ಲ.

ಗ್ರಹಣ ಬಿಟ್ಟ ಮೇಲೆ ದ್ರೌಪದಮ್ಮ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಬಂದರು. ಅಪ್ಪನ ಮುಖ ನೋಡಿದರು. ಕತ್ತಿ ನೋಡಿದರು. ಏನು ಕಾದಿದೆಯೋ ಅಂತ ನಾನು ನಿಂತಿದ್ದರೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಮ್ಮನೆಯವ್ರಿಗೂ ಒಂದ್ಸಲ ಮಾಡ್ಕೊಡೇ" ಅಂದರು.

ಫೆಬ್ರವರಿ 17, ಭಾನುವಾರ. ಸಂಜೆ

ಆಟೋದಲ್ಲಿ ಮೇಖ್ರಿ ಸರ್ಕಲ್ ದಾಟಿ ಆರ್.ಟಿ. ನಗರ. ಅಪ್ಪ ಬಿಳಿ ಯೂನಿಫಾರಂ ಕೋಟು ಕೇಳಿ ಹಾಕಿಸಿಕೊಂಡರು. ಹಿತ್ತಾಳೆ ಗುಂಡಿಗಳಿಗೆ ಬೆಳಗ್ಗೆಯೇ ಹುಣಿಸೆಹಣ್ಣು ತಿಕ್ಕಿಟ್ಟಿದ್ದೆ. ದಾರಿಯುದ್ದಕ್ಕೂ ಎಡಗೈ ಕೆನ್ನೆಯ ಮೇಲೇ.

ಶಾಮಿಯಾನದ ಬಾಗಿಲಲ್ಲಿ ಚಾಚಾ ಯಾರನ್ನೋ ಬರಮಾಡಿಕೊಳ್ಳುತ್ತಿದ್ದರು. ತಿರುಗಿದರು. ಅಪ್ಪ ಕೋಲನ್ನು ನನ್ನ ಕೈಗೆ ಕೊಟ್ಟರು. ಎಡಗೈ ಎತ್ತಿ, ನಿಧಾನವಾಗಿ ಬೀಸಿದರು. ಕೈಯಲ್ಲಿ ಬಾವುಟ ಇರಲಿಲ್ಲ ಅಷ್ಟೇ. ಚಾಚಾ ಅಷ್ಟು ಜನ ನೆಂಟರ ಮುಂದೆ ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಸೀಟಿ ಹೊಡೆದರು. ಹೆಂಗಸರೆಲ್ಲ ಪರದೆ ಸರಿಸಿ ನೋಡಿದರು. ಆಮೇಲೆ ಆ ಇಬ್ಬರು ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತೇ ಇದ್ದರು.

"ಯಾರ್ ಮಾಡಿದ್ದು ಗುರು, ಇಷ್ಟು ಸಾಫಾಗಿ?"

"ನನ್ನ ಮಗಳು." ತೊದಲಲಿಲ್ಲ. ಎರಡೂ ಪದ ನೆಟ್ಟಗೆ.

ನಿಕಾಹ್ ಆದ ಮೇಲೆ ಚಾಚಾ ಅಪ್ಪನ ತೋಳು ಹಿಡಿದು ಒಳಗಿನ ರೂಮಿಗೆ ಕರೆದುಕೊಂಡು ಹೋದರು. ಕನೀಜ್ ತಲೆ ತಗ್ಗಿಸಿ ಕೂತಿದ್ದಳು, ಮುಖದ ಮೇಲೆ ಹೂವಿನ ಪರದೆ. ಅಪ್ಪ ಅವಳ ತಲೆ ಮೇಲೆ ಎಡಗೈ ಇಟ್ಟರು. ಹೂವಿನ ಎಳೆಗಳ ನಡುವಿನಿಂದ ಎರಡು ಕೈ ಬಂದವು, ಮೊಣಕೈವರೆಗೂ ಮದರಂಗಿ. ಅಪ್ಪನ ಎರಡೂ ಕೆನ್ನೆ ಹಿಡಿದವು. ಒಳ್ಳೆಯ ಕೆನ್ನೆ, ಸೊಟ್ಟ ಕೆನ್ನೆ, ಎರಡನ್ನೂ ಒಂದೇ ಥರ ಸವರಿದವು.

"ನುಣ್ಣಗೆ," ಅಂದಳು ಕನೀಜ್, ಅಳುತ್ತಾ.

ನಾನು ಬಾಗಿಲಲ್ಲಿ ನಿಂತಿದ್ದೆ. ಎಂಥ ಸಂತೋಷ. ಯಾರಿಗಾದರೂ ಹೇಳಬೇಕು ಅನ್ನಿಸಿ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ, "ಆ ಶೇವ್ ನಾನೇ ಮಾಡಿದ್ದು" ಅಂತ ಹೇಳಿಬಿಟ್ಟೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಸ್ವಲ್ಪ ದೂರ ಸರಿದು ನಿಂತಳು.

ಫೆಬ್ರವರಿ 18, ಸೋಮವಾರ. ಬೆಳಗ್ಗೆ ಐದು

ಎಚ್ಚರವಾದದ್ದು ಸದ್ದಿಗೆ. ಸರಕ್... ಸರಕ್...

ಪಟ್ಟಿಯ ಇನ್ನೊಂದು ತುದಿ ಹಿಡಿಯಲು ನಾನಿಲ್ಲ. ಹೇಗೆ ಅಂತ ಎದ್ದು ಬಂದು ನೋಡಿದರೆ ಆ ತುದಿಯನ್ನು ಕುರ್ಚಿಯ ಕೈಗೆ ಸುತ್ತಿ, ಅದೇ ಕುರ್ಚಿಯಲ್ಲಿ ತಾವು ಕೂತು ಬಿಗಿ ಮಾಡಿಕೊಂಡಿದ್ದಾರೆ. ಎಡಗೈ ತಡವರಿಸುತ್ತಿಲ್ಲ. ಮುಖಕ್ಕೆ ನೊರೆ ಆಗಲೇ ಹಚ್ಚಿಕೊಂಡಾಗಿದೆ, ಕಿವಿಗೂ ಮೂಗಿಗೂ ಅಷ್ಟಿಷ್ಟು.

"ಅಪ್ಪ, ನಾನು ಮಾಡ್ತೀನಿ, ಕೊಡಿ."

"ಬೇಡ."

ಮತ್ತೆ ಅದೇ ಮಾತು. ಅಪ್ಪ ನನ್ನ ಮುಖ ನೋಡಿ, ಬಾಯಿಯ ಒಂದು ಕಡೆಯಲ್ಲಿ ನಕ್ಕರು.

"ಬಲಗಡೆ ನಿಂದು. ಎಡಗಡೆ... ಇವತ್ತಿಂದ ನಾನು. ಕನ್ನಡಿ ಹಿಡಿ ಬಾ."

ಒಂದು ನಿಮಿಷ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಯಾಕೆ ಅಂದರೆ ಈಗ ಬರೆಯದಿದ್ದರೆ ಆಮೇಲೆ ನನಗೇ ನಂಬಿಕೆ ಬರುವುದಿಲ್ಲ. ಬಸ್ ತಪ್ಪಿದರೆ ತಪ್ಪಲಿ. ಕರೆಯುತ್ತಿದ್ದಾರೆ — ನೊರೆ ಒಣಗುತ್ತೆ ಕತ್ತೆ, ಅಂತ. ಅಲಗು ಬಿಚ್ಚಿದ ಸದ್ದು. ಕೈಯಲ್ಲಿ ಕತ್ತಿ ಹಿಡಿದು, ಕಿವಿಯ ಹತ್ತಿರ ಇಟ್ಟು, ನನಗೋಸ್ಕರ ಕಾಯ್ತಾ ಇದ್ದಾರೆ. ಬಂದೆ ಅಪ್ಪ —